ನ್ಯೂಕ್ಲಿಯಸ್ ಮತ್ತು ಅನುಮಾನ ಪ್ರಮಾಣ

ಪರಮಾಣುವಿನ ನ್ಯೂಕ್ಲಿಯಸ್ ಕಣ್ಣಿಗೆ ಗೋಚರವಾಗುವ ವಸ್ತುವಲ್ಲ. ಅದರ ಶಕ್ತಿಮಟ್ಟ, ಸ್ಪಿನ್, ಪ್ಯಾರಿಟಿಗಳ ಬಗ್ಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು, ವಿಕಿರಣಶೀಲ ಕ್ಷಯದಲ್ಲಿ ಹೊರಬೀಳುವ ಕಣ ಮತ್ತು ಕಿರಣಗಳನ್ನು ಅಳೆದು ತಿಳಿದದ್ದು. ನ್ಯಾಯದರ್ಶನದ ಪರಿಭಾಷೆಯಲ್ಲಿ ಇದು ಪ್ರತ್ಯಕ್ಷವಲ್ಲ, ಅನುಮಾನ, ಎಂದರೆ ಸುಳಿವಿನಿಂದ ತರ್ಕಿಸಿ ಪಡೆದ ಅರಿವು. ಇಂಥ ಅರಿವು ಎಷ್ಟರಮಟ್ಟಿಗೆ ಗಟ್ಟಿ ಎಂಬ ಪ್ರಶ್ನೆಗೆ ಎಲೆಕ್ಟ್ರಾನ್ ರೋಹಿತದ ಅಧ್ಯಯನ ಒಳ್ಳೆಯ ನಿದರ್ಶನ.

ಕ್ಷಯದಲ್ಲಿ ಎರಡು ಬಗೆಯ ಎಲೆಕ್ಟ್ರಾನ್‌ಗಳು ಸಿಗುತ್ತವೆ. ನ್ಯೂಕ್ಲಿಯಸ್ಸಿನಲ್ಲೇ ಹುಟ್ಟುವ ಬೀಟಾ ಕಣಗಳ ಶಕ್ತಿ ಸೊನ್ನೆಯಿಂದ ಒಂದು ಗರಿಷ್ಠ ಮಿತಿಯವರೆಗೆ ಹರಡಿರುತ್ತದೆ. ಇನ್ನೊಂದು ಬಗೆ ಪರಿವರ್ತನ ಎಲೆಕ್ಟ್ರಾನ್: ಉದ್ರಿಕ್ತ ನ್ಯೂಕ್ಲಿಯಸ್ ಗಾಮಾ ಕಿರಣ ಸೂಸುವ ಬದಲು ತನ್ನ ಶಕ್ತಿಯನ್ನು ಕವಚದ ಎಲೆಕ್ಟ್ರಾನಿಗೆ ನೇರವಾಗಿ ಕೊಟ್ಟು ಅದನ್ನು ಹೊರದೂಡುತ್ತದೆ. ಇದರ ಶಕ್ತಿ ನಿಶ್ಚಿತ. ಸೀಸಿಯಂ-137 ಕ್ಷಯಿಸಿ ಉಂಟಾಗುವ ಬೇರಿಯಂನಲ್ಲಿ ಗಾಮಾ ಶಕ್ತಿ 661.7 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್), ತೀರ ಒಳಗಿನ ಕೆ ಕವಚದ ಬಂಧನಶಕ್ತಿ 37.4 ಕೆಇವಿ. ಇವುಗಳ ವ್ಯತ್ಯಾಸವಾದ ಸುಮಾರು 624 ಕೆಇವಿಯಲ್ಲೇ ಎಲೆಕ್ಟ್ರಾನ್ ರೇಖೆ ಕಾಣುತ್ತದೆ.

ರೇಖೆಯ ಸ್ಥಾನ ಶಕ್ತಿಮಟ್ಟವನ್ನು ತಿಳಿಸಿದರೆ, ಅದರ ತೀವ್ರತೆ ಸ್ಪಿನ್ ಮತ್ತು ಪ್ಯಾರಿಟಿಯ ಬದಲಾವಣೆಯನ್ನು ತಿಳಿಸುತ್ತದೆ. ಬೇರಿಯಂನಲ್ಲಿ ನೂರು ಗಾಮಾಗಳಿಗೆ ಸುಮಾರು ಒಂಬತ್ತು ಕೆ ಎಲೆಕ್ಟ್ರಾನ್‌ಗಳು ಬರುತ್ತವೆ. ಈ ಅನುಪಾತ ಸ್ಪಿನ್ 11/2ರಿಂದ 3/2ಕ್ಕೆ ಇಳಿಯುವ ಸಂಕ್ರಮಣಕ್ಕೆ ಹೊಂದುತ್ತದೆ. ಜರ್ಮೇನಿಯಂ-72ರ ಮೊದಲ ಉದ್ರಿಕ್ತ ಮಟ್ಟದಲ್ಲೂ ತಳಮಟ್ಟದಲ್ಲೂ ಸ್ಪಿನ್ ಸೊನ್ನೆ. ಅಲ್ಲಿ ಒಂಟಿ ಗಾಮಾ ಹೊರಡುವುದೇ ಸಾಧ್ಯವಿಲ್ಲ. ಆ ಸಂಕ್ರಮಣದ ಸುಳಿವು ಪರಿವರ್ತನ ಎಲೆಕ್ಟ್ರಾನಿನಲ್ಲೇ ಸಿಗಬೇಕು.

ಬೀಟಾ ಕ್ಷಯವೂ ಸ್ಪಿನ್ ಬದಲಾವಣೆಯ ಸುಳಿವು ಕೊಡುತ್ತದೆ. ಹೊಲದ ಮಣ್ಣಾಗಲಿ ಗದ್ದೆಯ ಭತ್ತವಾಗಲಿ, ಪೊಟ್ಯಾಸಿಯಂ ಇರುವಲ್ಲೆಲ್ಲ ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ಪೊಟ್ಯಾಸಿಯಂ-40. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಸ್ಪಿನ್ 4ರಿಂದ, ಬೀಟಾ ಕ್ಷಯದಲ್ಲಿ ಉಂಟಾಗುವ ಕ್ಯಾಲ್ಸಿಯಂನ ಸೊನ್ನೆಗೆ ಇಳಿಯಬೇಕಾದ್ದರಿಂದ ಕ್ಷಯ ಇಷ್ಟು ನಿಧಾನ. ಬೀಟಾ ರೋಹಿತದ ಆಕಾರವೂ ಆ ಅಂತರಕ್ಕೆ ತಕ್ಕಂತಿರುತ್ತದೆ.

ಆದರೆ ಒಂದೇ ಸಾಕ್ಷ್ಯ ಎರಡು ಅನುಮಾನಗಳಿಗೆ ಎಡೆಕೊಡಬಹುದು. 1914ರಲ್ಲಿ ಚಾಡ್‌ವಿಕ್ ಬೀಟಾ ರೋಹಿತ ಅಖಂಡವೆಂದು ತೋರಿಸಿದರು. 1927ರಲ್ಲಿ ಎಲಿಸ್ ಮತ್ತು ವೂಸ್ಟರ್ ಬಿಸ್ಮತ್-210ರ ಕ್ಷಯದ ಶಾಖವನ್ನು ಅಳೆದಾಗ, ಪ್ರತಿ ಕ್ಷಯಕ್ಕೆ ಸಿಕ್ಕಿದ್ದು ಗರಿಷ್ಠ ಶಕ್ತಿಯ ಮೂರನೇ ಒಂದು ಭಾಗದಷ್ಟು ಮಾತ್ರ. ಶಕ್ತಿಸಂರಕ್ಷಣೆ ಇಲ್ಲಿ ಸರಾಸರಿಯಲ್ಲಷ್ಟೇ ನಿಜವಿರಬಹುದೆಂಬ ಕಡೆ ಬೋರ್ ವಾಲಿದರು. ಕಾಣದ ಕಣವೊಂದು ಉಳಿದ ಶಕ್ತಿಯನ್ನು ಒಯ್ಯುತ್ತಿದೆ ಎಂದು 1930ರಲ್ಲಿ ಪೌಲಿ ಊಹಿಸಿದರು. 1956ರಲ್ಲಿ ರೈನ್ಸ್ ಮತ್ತು ಕೋವನ್ ರಿಯಾಕ್ಟರಿನ ಬಳಿ ಆ ಕಣವನ್ನು, ಅಂದರೆ ನ್ಯೂಟ್ರಿನೋವನ್ನು, ಪತ್ತೆಹಚ್ಚಿದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ದಾಖಲಾದವು. ಅವು ಮುಖ್ಯವಾಗಿ ಬೇರೊಂದು ಬಗೆಯವು. ಆದರೂ ಈ ಕಣಕುಟುಂಬದ ಅಸ್ತಿತ್ವಕ್ಕೆ ಬೀಟಾ ಕ್ಷಯದ ಹೊರಗಿನಿಂದಲೂ ಪುರಾವೆ ಒದಗಿತು.

ಪರಿವರ್ತನ ಎಲೆಕ್ಟ್ರಾನಿನಿಂದ ಸ್ಪಿನ್ ಅನುಮಾನಿಸುವುದಕ್ಕೊಂದು ಆಕ್ಷೇಪವುಂಟು: ಅಳೆದ ಅನುಪಾತವನ್ನು ಹೋಲಿಸುವುದೇ ಸಿದ್ಧಾಂತದಿಂದ ಲೆಕ್ಕಹಾಕಿದ ಅಂಕಿಗಳೊಂದಿಗೆ, ಹಾಗಿದ್ದರೆ ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿದಂತಾಗದೇ? ಒಂದೇ ಅಳತೆಯನ್ನು ನೆಚ್ಚಿದರೆ ಈ ಆಕ್ಷೇಪ ನಿಲ್ಲುತ್ತದೆ. ಆದರೆ ಅರ್ಧಾಯುಷ್ಯ, ಕೆ ಮತ್ತು ಎಲ್ ರೇಖೆಗಳ ಅನುಪಾತ, ಗಾಮಾಗಳ ಕೋನೀಯ ಸಂಬಂಧ ಇವೆಲ್ಲ ಬೇರೆಬೇರೆ ಲೆಕ್ಕಗಳನ್ನು ಅವಲಂಬಿಸಿವೆ. ಇವು ಒಂದೇ ಸ್ಪಿನ್ನಿಗೆ ಬಂದು ಸೇರಿದಾಗ ತಪ್ಪಿನ ಸಂಭವ ತೀರಾ ಕುಗ್ಗುತ್ತದೆ. ಸೇರದಿದ್ದಾಗ ಸಿದ್ಧಾಂತವನ್ನೇ ತಿದ್ದಬೇಕಾಗುತ್ತದೆ. ಹೀಗೆ ಸೋಲಲು ಅವಕಾಶವಿರುವುದರಿಂದಲೇ ಈ ಅನುಮಾನ ಪ್ರಮಾಣವೆನಿಸುತ್ತದೆ.