ಹೆಸರು ಬದಲಾದ ಶತ್ರು

ಬಿಸಿಲೆಯ ಕಡೆ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಟಿ.ವಿ. ಸುಮ್ಮನಾಗುತ್ತದೆ, ಪುಸ್ತಕವೇ ಗತಿ. ಕಳೆದ ಮಳೆಗಾಲದಲ್ಲಿ ನಾನು ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. 1949ರಲ್ಲಿ ಪ್ರಕಟವಾದದ್ದು. ಬರೆದವನು ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ.

ಆ ಪುಸ್ತಕದಲ್ಲಿ ಎಲ್ಲರೂ ಹೆದರುವುದು ಗೋಡೆಯಿಂದ ಮನೆಮಂದಿಯನ್ನು ಸದಾ ನೋಡುತ್ತಿರುವ ಪರದೆಗೆ. ನನ್ನನ್ನು ಕಾಡಿದ್ದು ಬೇರೊಂದು ಪ್ರಸಂಗ. ಅದರಲ್ಲಿ ಜಗತ್ತು ಮೂರು ದೊಡ್ಡ ರಾಜ್ಯಗಳಾಗಿ ಹಂಚಿಹೋಗಿ ಸದಾ ಕಾದಾಡುತ್ತಿರುತ್ತದೆ. ಒಂದು ಸಭೆಯಲ್ಲಿ ಭಾಷಣಕಾರ ಶತ್ರುವನ್ನು ಬಾಯಿಗೆ ಬಂದಂತೆ ಬೈಯುತ್ತಿರುವಾಗ ಯಾರೋ ಚೀಟಿ ತಂದು ಕೊಡುತ್ತಾರೆ. ಶತ್ರು ಬದಲಾಗಿದ್ದಾನೆ! ಭಾಷಣಕಾರ ತಡವರಿಸುವುದಿಲ್ಲ, ಅದೇ ವಾಕ್ಯ, ಅದೇ ಆವೇಶ, ಹೆಸರು ಮಾತ್ರ ಬೇರೆ. ಜನರೂ ಅಷ್ಟೇ ಸಲೀಸಾಗಿ ಹೊಸ ಶತ್ರುವನ್ನು ದ್ವೇಷಿಸತೊಡಗುತ್ತಾರೆ. ಹಳೆಯ ಪತ್ರಿಕೆಗಳನ್ನು ತಿದ್ದಲು ಒಂದು ಇಲಾಖೆಯೇ ಇದೆ.

ಕಥೆಯಲ್ಲಿ ಏನು ಬೇಕಾದರೂ ಆಗುತ್ತದೆ ಎನ್ನುವಿರಾ? ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ನೀವೂ ಹತ್ತಿರುತ್ತೀರಿ. ಎಂಟು ಮೂಲೆಯ ನಕ್ಷತ್ರದಂಥ ಆ ಕೋಟೆಯನ್ನು ಟಿಪ್ಪು 1792ರಲ್ಲಿ ಮುಗಿಸಿದ. ಆ ವರ್ಷ ಕೊನೆಗೊಂಡ ಯುದ್ಧದಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಅವನ ವಿರುದ್ಧ ಒಂದಾಗಿದ್ದರು. 1803ಕ್ಕೆ ಅದೇ ಇಂಗ್ಲಿಷರೂ ಮರಾಠರೂ ಎದುರುಬದುರು ನಿಂತು ಕಾದಿದರು.

ಅದು ರಾಜರ ಕಾಲವಾಯಿತು. 1954ರಲ್ಲಿ ಚೀನಾದೊಡನೆ ಪಂಚಶೀಲ ಒಪ್ಪಂದವಾದಾಗ ಅವರು ನಮಗೆ ಅಣ್ಣತಮ್ಮಂದಿರು. 1962ರಲ್ಲಿ ಯುದ್ಧ. ದೇಶದ ತುಂಬ ಹೆಂಗಸರು ರಕ್ಷಣಾ ನಿಧಿಗೆ ಚಿನ್ನ ಕೊಟ್ಟರು. ನಮ್ಮಜ್ಜಿಯೂ ಕೈಯ ಬಳೆ ಬಿಚ್ಚಿಕೊಟ್ಟರಂತೆ. ಕೊಟ್ಟದ್ದು ಸರಿ ಎಂದೇ ನನ್ನ ಭಾವನೆ. ಬಿಸಿಲೆಯಿಂದ ಕಾಣುವ ಪುಷ್ಪಗಿರಿಯ ಆಚೆಗೆ ಕೊಡಗು. ಅಲ್ಲಿ ಮಕ್ಕಳನ್ನು ಸೈನ್ಯಕ್ಕೆ ಕಳಿಸಿದ ಮನೆಗಳು ಅದೆಷ್ಟೋ. ಗಡಿಯ ಭಯ ಸುಳ್ಳೆಂದು ಅವರ ಮುಂದೆ ಹೇಳುವ ಧೈರ್ಯ ಯಾರಿಗಿದೆ?

ಆದರೆ ಅದೇ ದಿನಗಳಲ್ಲಿ ಇನ್ನೊಂದೂ ನಡೆಯಿತು. ಅಸ್ಸಾಂ, ಡಾರ್ಜಿಲಿಂಗ್ ಕಡೆಯಲ್ಲಿದ್ದ ಚೀನಾ ಮೂಲದ ಸುಮಾರು 3,000 ಮಂದಿಯನ್ನು ಹಿಡಿದು ರಾಜಸ್ಥಾನದ ದೇವಳಿ ಶಿಬಿರದಲ್ಲಿಟ್ಟರು. ಎಷ್ಟೋ ಜನ ಇಲ್ಲೇ ಹುಟ್ಟಿದವರು. ಅಂಗಡಿ ಇಟ್ಟವರು, ಮುದುಕರು, ಮಡಿಲ ಮಕ್ಕಳು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು. ಬಳೆ ಕೊಟ್ಟ ಅಜ್ಜಿಗೆ ಇದು ಗೊತ್ತಿರಲಿಲ್ಲ. ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಇದರ ಒಂದು ಸಾಲಿಲ್ಲ. ಕಾದಂಬರಿಯಲ್ಲಾದರೆ ಹಳೆಯ ಕಾಗದ ಸುಡಲು ನೌಕರರು ಬೇಕಿತ್ತು. ಇಲ್ಲಿ ಯಾರೂ ಏನನ್ನೂ ಸುಡಲಿಲ್ಲ. ನಾವು ಕೇಳಲಿಲ್ಲ, ಅಷ್ಟೆ.

2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತಾಗ ಶಾಲೆ ಮುಚ್ಚಿತ್ತು, ಕೊರೋನಾ ಕಾಲ. ಚೀನಾದ ಸಾಮಾನು ಕೊಳ್ಳಬೇಡಿ ಎಂದು ನಮ್ಮ ಬಳಗದ ವಾಟ್ಸಾಪಿನಲ್ಲಿ ದಿನಕ್ಕೆ ಹತ್ತು ಸಂದೇಶ ಬರುತ್ತಿದ್ದವು, ಅವೂ ಚೀನಾದ್ದೇ ಫೋನಿನಿಂದ. 2024ರ ಅಕ್ಟೋಬರಿನಲ್ಲಿ ಗಡಿ ಗಸ್ತಿನ ಬಗ್ಗೆ ಎರಡೂ ದೇಶಗಳು ಒಪ್ಪಂದಕ್ಕೆ ಬಂದವು. 2025ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ಚೀನಾದ ತಿಯಾಂಜಿನ್‌ಗೆ ಹೋಗಿಬಂದರು. ಒಪ್ಪಂದ ಒಳ್ಳೆಯದೇ, ಆಗಲಿ. ಆದರೆ ಆ ಹತ್ತು ಸಂದೇಶಗಳ ಸಿಟ್ಟು ಎಲ್ಲಿಂದ ಬಂತು, ಎಲ್ಲಿ ಹೋಯಿತು? ಅದು ನಮ್ಮದೇ ಆಗಿತ್ತೋ, ಯಾರೋ ಕೈಗಿಟ್ಟ ಚೀಟಿಯೋ? ಮಗನನ್ನು ಕಳೆದುಕೊಂಡ ತಾಯಿಯ ದುಃಖವಂತೂ ಒಪ್ಪಂದದ ತಾರೀಖು ನೋಡಿ ಇಳಿಯುವಂಥದ್ದಲ್ಲ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ಹಾಗಾದ್ರೆ ಈಗ ಚೀನಾದವರು ಒಳ್ಳೆಯವರಾ?” ದೇವಳಿಯ ವಿಷಯ ಅವತ್ತೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಪರೀಕ್ಷೇಲಿ ಏನಂತ ಬರೀಲಿ ಮಿಸ್?” ಎಂದಳು.

“ಇಸವಿಗಳನ್ನೆಲ್ಲ ಬರಿ,” ಎಂದೆ. “1954, 1962, 2020, 2024. ಒಂದನ್ನೂ ಬಿಡಬೇಡ.”