ಹಿಡಿಯದ ದಾರಿಯ ಅಳಲು

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ 1915ರಲ್ಲಿ ಪ್ರಕಟಿಸಿದ ‘ದಿ ರೋಡ್ ನಾಟ್ ಟೇಕನ್’ ಕವಿತೆಯನ್ನು ದಿಟ್ಟ ಆಯ್ಕೆಯ ಹೊಗಳಿಕೆಯೆಂದು ಓದುವ ರೂಢಿ ಬಲವಾಗಿದ್ದರೂ, ಪಯಣಿಗನ ಮುಂದೆ ಕವಲೊಡೆದ ಎರಡು ದಾರಿಗಳೂ ಹೆಚ್ಚುಕಡಿಮೆ ಸಮನಾಗಿಯೇ ಸವೆದಿದ್ದವೆಂದು ಕವಿತೆ ತಾನೇ ಒಪ್ಪಿಕೊಳ್ಳುವುದರಿಂದ ಆ ಓದು ನಿಲ್ಲುವುದಿಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಜೊತೆಯಾಗಿ ತಿರುಗಾಡುವಾಗ ಯಾವ ಹಾದಿ ಹಿಡಿದರೂ ಇನ್ನೊಂದಕ್ಕಾಗಿ ಹಳಹಳಿಸುತ್ತಿದ್ದ ಗೆಳೆಯ, ಕವಿ ಎಡ್ವರ್ಡ್ ಥಾಮಸ್‌ನ ಸ್ವಭಾವವೇ ಇದರ ಪ್ರೇರಣೆ. ಅದೇ ವರ್ಷ ಸೈನ್ಯ ಸೇರಿದ ಆತ 1917ರಲ್ಲಿ ಅರಾಸ್ ಕದನದಲ್ಲಿ ಮಡಿದನೆಂಬುದನ್ನು ನೆನೆದರೆ ಕವಿತೆ ಎದೆಗೆ ಭಾರವಾಗುತ್ತದೆ. ಪಶ್ಚಾತ್ತಾಪವೆಂದರೆ, ಪದವನ್ನು ಬಿಡಿಸಿ ನೋಡಿದಾಗ, ಆಮೇಲೆ ಹುಟ್ಟುವ ಬೇಗೆ. ಆದರೆ ಇಲ್ಲಿ ಮಾತಾಡುವವನು ಹಾದಿಯ ಫಲ ತಿಳಿಯುವ ಮುನ್ನವೇ ಆ ಬೇಗೆಯನ್ನು ಊಹಿಸಿ, ಮುಪ್ಪಿನಲ್ಲಿ ಹೇಳಲಿರುವ ಕಥೆಗೆ ಇಲ್ಲದ ವ್ಯತ್ಯಾಸವೊಂದನ್ನು ಕಾರಣವಾಗಿ ಈಗಲೇ ಜೋಡಿಸಿಕೊಳ್ಳುತ್ತಾನೆ.