ಸಂಕಟಪಟ್ಟವನ ಮಾತನ್ನು ಕೇಳತಕ್ಕ ರೀತಿ

(ಯೋಬ 2:11–13; 42:7)



ಯೋಬನಿಗೆ ಬಂದ ವಿಪತ್ತಿನ ವರ್ತಮಾನ ತಲಪಿದಾಗ ಅವನ ಮೂವರು ಸ್ನೇಹಿತರಾದ ಎಲೀಫಜನೂ ಬಿಲ್ದದನೂ ಚೋಫರನೂ ತಮ್ಮ ತಮ್ಮ ಊರು ಬಿಟ್ಟು ಅವನ ಬಳಿಗೆ ಬಂದರು. ಅವನ ಗುರುತು ಹತ್ತದಷ್ಟು ಅವನು ಕೆಟ್ಟುಹೋಗಿದ್ದನು. ಅವರು ಅತ್ತರು, ಏಳು ದಿನ ಅವನ ಸಂಗಡ ನೆಲದ ಮೇಲೆ ಕೂತರು, ಒಂದು ಮಾತನ್ನೂ ಆಡಲಿಲ್ಲ. ಅಷ್ಟರ ವರೆಗೆ ಅವರು ಮಾಡಿದ್ದೆಲ್ಲಾ ಸರಿಯೇ. ಬಾಯಿ ತೆರೆದ ಮೇಲೆ ಅವರು ತಪ್ಪಿಬಿದ್ದರು. ಕಡೆಯಲ್ಲಿ ದೇವರ ಕೋಪವು ಉರಿದದ್ದು ದೇವರೊಡನೆ ವ್ಯಾಜ್ಯವಾಡಿದ ಯೋಬನ ಮೇಲಲ್ಲ, ದೇವರ ಪಕ್ಷ ಹಿಡಿದು ವಾದಿಸಿದ ಈ ಸ್ನೇಹಿತರ ಮೇಲೆ. ಇದು ನಮ್ಮನ್ನು ನಿಲ್ಲಿಸಿ ಆಲೋಚಿಸುವಂತೆ ಮಾಡತಕ್ಕ ಸಂಗತಿಯಲ್ಲವೋ?

ಈ ಮಾತನ್ನು ಎತ್ತುವದಕ್ಕೆ ಕಾರಣವಾದದ್ದು ಒಂದು ಚಿಕ್ಕ ಪುಸ್ತಕ. ಅದರ ಹೆಸರು ‘ರಾತ್ರಿ’. ಬರೆದವರು ಎಲೀ ವೀಸೆಲ್ ಎಂಬ ಯೆಹೂದ್ಯರು. ಅದರಲ್ಲಿ ಒಬ್ಬ ಹುಡುಗನು ದೇವರ ಮೇಲೆಯೇ ದೂರು ಹೇಳುತ್ತಾನೆ. ಇಂಥದನ್ನು ವಿಶ್ವಾಸಿಗಳಾದವರು ಓದಬಹುದೋ, ಓದಿದರೆ ಏನು ಹೇಳಬೇಕು ಎಂಬ ಪ್ರಶ್ನೆ ಏಳುವದು ಸಹಜ. ಹಿಂದೆ ಓದಿದವರೂ ಕೇಳಿದವರೂ ಏನು ಮಾಡಿದರೆಂಬದನ್ನು ನಾವು ನೋಡೋಣ. ಅದರಿಂದ ನಮ್ಮ ಉತ್ತರವು ದೊರಕುವದು.

ವೀಸೆಲರು 1928ರಲ್ಲಿ ಸಿಗೆತ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ಈಗ ರುಮೇನಿಯಕ್ಕೆ ಸೇರಿದ ಆ ಪಟ್ಟಣವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಂಗೇರಿಯ ಕೈಯಲ್ಲಿತ್ತು. ಆ ಯುದ್ಧಕಾಲದಲ್ಲಿ ಹಿಟ್ಲರನ ನಾಜಿ ಸರಕಾರವೂ ಅದಕ್ಕೆ ಕೈಗೂಡಿಸಿದವರೂ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಅವರು ಆಯುಧ ಹಿಡಿದು ಬಂದ ಶತ್ರುಗಳಲ್ಲ. ಯೆಹೂದ್ಯರಾಗಿ ಹುಟ್ಟಿದ್ದೇ ಅವರ ಅಪರಾಧವಾಯಿತು. 1944ನೆಯ ಇಸವಿ ಮೇ ತಿಂಗಳಲ್ಲಿ ಸಿಗೆತಿನವರನ್ನು ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಆಶ್‌ವಿಟ್ಜ್ ಎಂಬ ಮರಣಶಿಬಿರಕ್ಕೆ ಕಳುಹಿಸಿದರು. ಹುಡುಗನಿಗೆ ಆಗ 15 ವರುಷ. ಮೊದಲನೆಯ ರಾತ್ರಿಯೇ ತಾಯಿಯನ್ನೂ ಚಿಕ್ಕ ತಂಗಿಯನ್ನೂ ಅವನಿಂದ ಬೇರ್ಪಡಿಸಿದರು. ಅವನು ಅವರನ್ನು ಮತ್ತೆ ಕಾಣಲಿಲ್ಲ. ತಂದೆಯು 1945ರ ಜನವರಿಯಲ್ಲಿ ಬೂಖೆನ್‌ವಾಲ್ಡ್ ಎಂಬ ಇನ್ನೊಂದು ಶಿಬಿರದಲ್ಲಿ ಸತ್ತನು. ಸಾಯುವಾಗ ತಂದೆ ತನ್ನ ಹೆಸರು ಹಿಡಿದು ಕರೆದರೂ ತಾನು ಓಗೊಡಲಿಲ್ಲವೆಂಬದನ್ನು ವೀಸೆಲರು ಮರೆಮಾಚದೆ ಬರೆದಿದ್ದಾರೆ. ಪರರ ಕ್ರೂರತನದ ಜೊತೆಗೆ ತನ್ನ ಬಲಹೀನತೆಯನ್ನೂ ಹೇಳುವವನ ಸಾಕ್ಷಿಯು ನಂಬತಕ್ಕ ಸಾಕ್ಷಿಯೇ ಸರಿ.

ಈಗ ಕೇಳಿದವರ ಸಂಗತಿ. ಮೊದಲನೆಯ ವರ್ಗದವರು ನಂಬದೆ ಹೋದವರು. ಆ ಪುಸ್ತಕದ ಆರಂಭದಲ್ಲಿಯೇ ಮೋಶೆ ಎಂಬ ಒಬ್ಬ ಬಡವನ ಕಥೆಯಿದೆ. ಅವನು ಸಿಗೆತಿನ ಸಭಾಮಂದಿರದಲ್ಲಿ ಊಳಿಗ ಮಾಡುತ್ತಿದ್ದನು. ಅವನು ಪರದೇಶದವನಾದದರಿಂದ ಅವನನ್ನೂ ಅವನಂಥವರನ್ನೂ ಮೊದಲೇ ಗಡೀಪಾರು ಮಾಡಿದರು. ಗಡಿ ದಾಟಿದ ಮೇಲೆ ಜರ್ಮನರು ಅವರ ಕೈಯಿಂದಲೇ ಗುಂಡಿಗಳನ್ನು ತೋಡಿಸಿ ಅವರನ್ನು ಗುಂಡಿಟ್ಟು ಕೊಂದರು. ಕಾಲಿಗೆ ಪೆಟ್ಟುಬಿದ್ದ ಮೋಶೆಯು ಸತ್ತನೆಂದೆಣಿಸಲ್ಪಟ್ಟು ಹೇಗೋ ಉಳಿದು ಊರಿಗೆ ಹಿಂದಿರುಗಿ, ಮನೆಮನೆಗೆ ಹೋಗಿ ತಾನು ಕಂಡದ್ದನ್ನು ಹೇಳಿದನು. ಜನರಾದರೋ ಕನಿಕರ ಬೇಡುವದಕ್ಕಾಗಿ ಹೀಗೆ ಹೇಳುತ್ತಾನೆ ಅಂದರು. ಕೆಲವರು ಇವನಿಗೆ ಹುಚ್ಚು ಹಿಡಿದಿದೆ ಅಂದರು. ಕೇಳಿದವರು ದುಷ್ಟರೇನೂ ಅಲ್ಲ, ದೇವಭಕ್ತರೇ. ಆದರೂ ನಂಬಲಿಕ್ಕೆ ಮನಸ್ಸಾಗಲಿಲ್ಲ. ಬಳಿಕ ಅದೇ ಕೇಡು ಅವರ ಬಾಗಿಲಿಗೆ ಬಂತು.

ಎರಡನೆಯ ವರ್ಗದವರು ನಂಬಿಯೂ ಕೇಳಲೊಲ್ಲದವರು. ವೀಸೆಲರು ಬಿಡುಗಡೆಯಾದ ಮೇಲೆ ಸುಮಾರು ಹತ್ತು ವರುಷ ತಮ್ಮ ಅನುಭವವನ್ನು ಪ್ರಕಟಿಸದೆ ಇದ್ದರು. ಪೂರ್ವ ಯೂರೋಪಿನ ಯೆಹೂದ್ಯರ ಮಾತಾದ ಯಿಡ್ಡಿಷಿನಲ್ಲಿ ಅದನ್ನು ಬರೆದು 1956ರಲ್ಲಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸಿನಲ್ಲಿ ಅಚ್ಚುಹಾಕಿಸಿದರು. ಲೋಕವು ಸುಮ್ಮನಿತ್ತೆಂಬದೇ ಆ ಮೊದಲನೆಯ ಪುಸ್ತಕದ ಹೆಸರಿನ ಅರ್ಥ. ಬಳಿಕ 1958ರಲ್ಲಿ ಫ್ರೆಂಚಿನಲ್ಲಿಯೂ 1960ರಲ್ಲಿ ಇಂಗ್ಲಿಷಿನಲ್ಲಿಯೂ ಬಂದಾಗ ಅದು ಚಿಕ್ಕದಾಗಿತ್ತು. ಇದು ಬಹಳ ದುಃಖದ ಪುಸ್ತಕ, ಯಾರು ಕೊಳ್ಳುವರು ಎಂದು ಅನೇಕ ಪ್ರಕಾಶಕರು ಅದನ್ನು ಹಿಂದಕ್ಕೆ ಕಳುಹಿಸಿದ್ದರು. ಅಮೆರಿಕದಲ್ಲಿ ಮೊದಲು ಅಚ್ಚಾದ 3,000 ಪ್ರತಿಗಳು ಮಾರಾಟವಾಗುವದಕ್ಕೆ ಮೂರು ವರುಷ ಹಿಡಿಯಿತು. ಈಗ ಅದನ್ನು ಲಕ್ಷಾಂತರ ಜನರು ಓದಿದ್ದಾರೆ. 1986ರಲ್ಲಿ ವೀಸೆಲರಿಗೆ ಶಾಂತಿಗಾಗಿ ನೊಬೆಲ್ ಬಹುಮಾನವೂ ದೊರಕಿತು. ಆದರೆ ಗಾಯವು ಹಸಿಯಾಗಿದ್ದಾಗ ಯಾಜಕನೂ ಲೇವಿಯನೂ ದಾರಿಯ ಆಚೇ ಮಗ್ಗುಲಾಗಿ ಹೋದಂತೆ ಲೋಕವು ಹೋಯಿತು.

ಮೂರನೆಯ ವರ್ಗದವರು ಕೇಳಿದ ಕೂಡಲೆ ಬೋಧಿಸತೊಡಗುವವರು. ಸಹೋದರರೇ, ಇವರೇ ನಮಗೆ ಹತ್ತಿರದವರು. ಪುಸ್ತಕದಲ್ಲಿ ಒಂದು ಘೋರ ಸಂಗತಿ ಇದೆ. ಒಬ್ಬ ಚಿಕ್ಕ ಹುಡುಗನನ್ನು ಎಲ್ಲರ ಮುಂದೆ ನೇಣಿಗೆ ಹಾಕುತ್ತಾರೆ. ಅವನ ಮೈ ಹಗುರವಾದದರಿಂದ ಪ್ರಾಣವು ಬೇಗನೆ ಹೋಗುವದಿಲ್ಲ. ಹಿಂದಿನಿಂದ ಯಾರೋ ದೇವರು ಎಲ್ಲಿ ಎಂದು ಕೇಳುತ್ತಾನೆ. ದೇವರು ಆ ನೇಣುಗಂಬದಲ್ಲಿಯೇ ತೂಗುತ್ತಿದ್ದಾನೆಂಬ ಉತ್ತರವು ವೀಸೆಲರ ಮನಸ್ಸಿನಲ್ಲಿ ಏಳುತ್ತದೆ. ಇದನ್ನೋದಿದ ಕ್ರೈಸ್ತರು ಅನೇಕರು, ಇದು ನಮ್ಮ ಕರ್ತನ ಶಿಲುಬೆಯ ಮಾತೇ ಅಂದರು. ಜರ್ಮನಿಯ ವೇದಪಂಡಿತರಾದ ಯೂರ್ಗನ್ ಮೋಲ್ಟ್‌ಮನ್ನರು 1972ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಈ ಸಂಗತಿಯನ್ನು ಶಿಲುಬೆಯ ಬೆಳಕಿನಲ್ಲಿ ವಿವರಿಸಿದ್ದಾರೆ. ದೇವರು ಕ್ರಿಸ್ತನಲ್ಲಿ ನಮ್ಮ ಸಂಕಟದೊಳಗೆ ಇಳಿದು ಬಂದನೆಂಬದು ನಮ್ಮ ಪ್ರಾಣದಷ್ಟು ಪ್ರಿಯವಾದ ಸತ್ಯ. ಆದರೂ ಆ ಹುಡುಗನು ಹೇಳಿದ್ದು ಅದನ್ನಲ್ಲ. ತಾನು ಬಾಲ್ಯದಿಂದ ಪ್ರಾರ್ಥಿಸಿದ ದೇವರು ತನ್ನ ಕಣ್ಣೆದುರಿಗೆ ಸತ್ತನೆಂದು ಅವನು ಗೋಳಾಡಿದನು. ಅವನ ಗೋಳನ್ನು ಪೂರಾ ಕೇಳುವದಕ್ಕೆ ಮುಂಚೆ ಅದನ್ನು ನಮ್ಮ ಪ್ರಸಂಗಕ್ಕೆ ದೃಷ್ಟಾಂತವಾಗಿ ಮಾಡಿಕೊಂಡರೆ, ಎಲ್ಲವನ್ನೂ ಕಳಕೊಂಡವನಿಂದ ಅವನ ಅಳುವನ್ನೂ ಕಸಕೊಂಡಂತೆ ಆಗುವದಿಲ್ಲವೋ? ಇನ್ನು ಕೆಲವರು ಇವನು ವಿಶ್ವಾಸಭ್ರಷ್ಟನೆಂದು ತೀರ್ಪುಮಾಡಿ ಪುಸ್ತಕವನ್ನು ಮುಚ್ಚಿಬಿಡುವರು. ಆದರೆ ವೀಸೆಲರು ಪ್ರಾರ್ಥನೆಯನ್ನು ಬಿಟ್ಟುಬಿಟ್ಟವರಲ್ಲ. ದೇವರನ್ನು ತ್ಯಜಿಸದೆ ದೇವರೊಡನೆ ವ್ಯಾಜ್ಯವಾಡಿದೆನೆಂಬ ಅರ್ಥದ ಮಾತುಗಳನ್ನು ಅವರು ಮುಂದೆ ಬರೆದಿದ್ದಾರೆ. ಯೋಬನೂ ಹಾಗೆಯೇ ಮಾಡಿದನು. 88ನೆಯ ಕೀರ್ತನೆಯನ್ನು ತೆರೆದು ನೋಡಿರಿ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ದೇವರು ಅದನ್ನೂ ತನ್ನ ಗ್ರಂಥದಲ್ಲಿ ಇರಗೊಡಿಸಿದ್ದಾನೆ.

ನಾಲ್ಕನೆಯವರು ಒಬ್ಬರೇ. ಫ್ರಾನ್ಸ್ ದೇಶದ ಹೆಸರಾಂತ ಬರಹಗಾರರೂ ಭಕ್ತಿವಂತ ಕ್ರೈಸ್ತರೂ ಆದ ಫ್ರಾನ್ಸ್ವಾ ಮೋರಿಯಾಕರನ್ನು ನೋಡಲು ವೀಸೆಲರು 1955ರಲ್ಲಿ ಹೋದರು. ಆ ವೃದ್ಧರು ಯೇಸುವಿನ ಬಾಧೆಗಳನ್ನು ಕುರಿತು ಮಾತಾಡತೊಡಗಿದಾಗ ವೀಸೆಲರು ತಾಳಲಾರದೆ, ಯಾರೂ ಮಾತೆತ್ತದ ಯೆಹೂದ್ಯ ಮಕ್ಕಳ ಸಂಕಟವನ್ನು ಹೇಳಿ ಎದ್ದುಹೋದರು. ಮೋರಿಯಾಕರು ಸಿಟ್ಟುಗೊಳ್ಳಲಿಲ್ಲ. ಬೆನ್ನಟ್ಟಿ ಹೋಗಿ ಅವರನ್ನು ಕರಕೊಂಡು ಬಂದು ಕೂರಿಸಿ ಅತ್ತರು. ಕಂಡದ್ದನ್ನು ಬರೆಯಬೇಕೆಂದು ಬೇಡಿಕೊಂಡರು. ಮುಂದೆ ಆ ಪುಸ್ತಕಕ್ಕೆ ಮುನ್ನುಡಿಯನ್ನು ಬರೆದುಕೊಟ್ಟವರೂ ಅವರೇ. ಶಿಲುಬೆಯನ್ನು ಕುರಿತು ಹೇಳಬಹುದಾದದ್ದು ತಮ್ಮ ಮನಸ್ಸಿನಲ್ಲಿ ಬಹಳ ಇದ್ದರೂ, ಕಣ್ಣೀರಿನಿಂದ ಅಪ್ಪಿಕೊಳ್ಳುವದೊಂದೇ ತಮ್ಮಿಂದಾಯಿತೆಂದು ಅವರು ಅದರಲ್ಲಿ ಒಪ್ಪಿಕೊಂಡಿದ್ದಾರೆ. ಇವರೇ ನೆಲದ ಮೇಲೆ ಕೂತ ಸ್ನೇಹಿತರು. ಅಳುವವರ ಸಂಗಡ ಅಳಬೇಕೆಂದು ಪೌಲನು ರೋಮಾಪುರದವರಿಗೆ ಕೊಟ್ಟ ಅಪ್ಪಣೆಯು ಇಂಥದೇ.

ನಮಗೆ ಅಳುವದಕ್ಕೆ ಇನ್ನೊಂದು ಕಾರಣವೂ ಉಂಟು. ಆ ಕೊಲೆಗಳು ನಡೆದದ್ದು ಚರ್ಚಿನ ಗಂಟೆಗಳು ಬಾರಿಸುತ್ತಿದ್ದ ದೇಶಗಳಲ್ಲಿ. ಕೊಂದವರಲ್ಲಿ ಬಹು ಮಂದಿ ಸ್ನಾನದೀಕ್ಷೆ ಹೊಂದಿದವರು. ನಾವು ಸುಧಾರಕನೆಂದು ಗೌರವಿಸುವ ಮಾರ್ಟಿನ್ ಲೂಥರನು 1543ರಲ್ಲಿ ಬರೆದ ಒಂದು ಪುಸ್ತಕದಲ್ಲಿ ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು ಬೋಧಿಸಿದನು. 400 ವರುಷಗಳ ಮೇಲೆ ನಾಜಿಗಳು ಆ ಮಾತುಗಳನ್ನು ತಮ್ಮ ಕೆಲಸಕ್ಕೆ ಉಪಯೋಗಿಸಿಕೊಂಡರು. ಇದನ್ನು ಮುಚ್ಚಿಟ್ಟರೆ ಹೇಬೆಲನ ರಕ್ತವು ನೆಲದಿಂದ ಕೂಗದಿರುವದೋ? ಆದರೆ ಅದೇ ಕಾಲದಲ್ಲಿ ಫ್ರಾನ್ಸಿನ ಬೆಟ್ಟಸೀಮೆಯ ಲ ಶಾಂಬೋಂ ಎಂಬ ಹಳ್ಳಿಯ ಪ್ರೊಟೆಸ್ಟಂಟ್ ಸಭೆಯವರು, ತಮ್ಮ ಪಾಲಕರಾದ ಆಂದ್ರೆ ತ್ರೋಕ್ಮೆಯವರೊಂದಿಗೆ, ಓಡಿಬಂದ ಯೆಹೂದ್ಯರನ್ನು, ವಿಶೇಷವಾಗಿ ಮಕ್ಕಳನ್ನು, ತಮ್ಮ ಮನೆಗಳಲ್ಲಿಯೂ ಹೊಲಮನೆಗಳಲ್ಲಿಯೂ ಅಡಗಿಸಿ ಕಾಪಾಡಿದರು. ಅವರು ನಮ್ಮ ಹಾಗೆ ಹಳ್ಳಿಯ ಜನರು. ಬಾಗಿಲು ತಟ್ಟಿದವನ ಮಾತನ್ನು ನಂಬಿದರು, ಬಾಗಿಲು ತೆರೆದರು.

ಪ್ರಿಯರೇ, ಯೆಹೂದ್ಯರ ಆ ಸಂಕಟವನ್ನು ನಮ್ಮ ಕಷ್ಟಗಳೊಂದಿಗೆ ನಾವು ತೂಗಿನೋಡುವದಿಲ್ಲ. ಆದರೆ ಕೇಳುವ ರೀತಿಯನ್ನು ಅಲ್ಲಿ ಕಲಿತು ಇಲ್ಲಿ ನಡಿಸಬಹುದು. ನಮ್ಮ ಹಿರಿಯರು ಊರಬಾವಿಯ ಹತ್ತಿರ ನಿಲ್ಲಗೊಡದ ದಿನಗಳನ್ನು ಹೇಳಿದಾಗ, ಅಷ್ಟೇನೂ ಇರಲಿಕ್ಕಿಲ್ಲವೆಂದು ಯಾರಾದರೂ ನಕ್ಕರೆ ಎಷ್ಟು ನೋವಾಗುವದೆಂದು ನಾವು ಬಲ್ಲೆವು. ಹೀಗಿರಲಾಗಿ ನಮ್ಮ ಸಭೆಯ ತಂಗಿಯೊಬ್ಬಳು ಗಂಡನ ಹೊಡೆತದ ಗಾಯವನ್ನು ತೋರಿಸಿದರೆ ತಾಳಿಕೋ ಎಂದು ಹೇಳಿ ಕಳುಹಿಸುತ್ತೇವಲ್ಲಾ? ಕೂಸನ್ನು ಮಣ್ಣುಮಾಡಿ ಬಂದ ತಾಯಿಯು ದೇವರು ಯಾಕೆ ಹೀಗೆ ಮಾಡಿದನೆಂದು ಕೇಳಿದರೆ, ಹಾಗೆ ಅನ್ನಬಾರದು, ಪಾಪ ಎಂದು ಬಾಯಿ ಮುಚ್ಚಿಸುತ್ತೇವಲ್ಲಾ? ಅವಳ ಮಾತನ್ನು ದೇವರು ತಾಳಬಲ್ಲನು. ನಾವು ತಾಳಲಾರದೆ ಹೋದರೆ ಅದು ವಿಶ್ವಾಸದ ಬಲವಲ್ಲ, ನಮ್ಮ ಹೆದರಿಕೆಯೇ.

ಆದಕಾರಣ ಇಂಥ ಪುಸ್ತಕವನ್ನು ಓದಬಹುದೋ ಎಂದರೆ, ಓದಬಹುದು. ಓದಲಾರದವರಿಗೆ ಓದಿ ಹೇಳಲೂಬಹುದು. ಆದರೆ ಯೋಬನ ಸ್ನೇಹಿತರ ಮೊದಲನೆಯ ಏಳು ದಿನಗಳಂತೆ ಓದಿರಿ. ಈ ವಾರದಲ್ಲಿಯೇ ದುಃಖದಲ್ಲಿರುವ ಒಂದು ಮನೆಗೆ ಹೋಗಿರಿ. ಅವರು ಹೇಳುವದನ್ನು ನಂಬಿರಿ, ಪೂರಾ ಕೇಳಿರಿ. ಕೈಯಿಂದಾದ ಸಹಾಯವನ್ನು ಮಾಡಿರಿ. ಅವರು ಬೇಡಿಕೊಂಡರೆ ಪ್ರಾರ್ಥಿಸಿರಿ.

ಲಾಜರನ ಸಮಾಧಿಯ ಬಳಿಯಲ್ಲಿ ಕಣ್ಣೀರು ಬಿಟ್ಟ ಕರ್ತನೇ, ಅಳುವವರಿಗೆ ಪಾಠ ಹೇಳುವದಕ್ಕೆ ನಾವು ತವಕಪಟ್ಟದ್ದನ್ನು ಕ್ಷಮಿಸು. ನಿನ್ನ ಹೆಸರಿನವರು ನಿನ್ನ ಜನಾಂಗಕ್ಕೆ ಮಾಡಿದ ಕೇಡನ್ನು ಮರೆಯದಂತೆ ನಮ್ಮನ್ನು ಕಾಯಿ. ಕೇಳುವ ಕಿವಿಯನ್ನೂ ತೆರೆಯುವ ಬಾಗಿಲನ್ನೂ ನಮಗೆ ದಯಪಾಲಿಸು. ಆಮೆನ್.